ಕಸ ಹುಟ್ಟುವ ಮೊದಲೇ ಅದರ ವಿಳಾಸ ಗೊತ್ತಿರಲಿ

ಬೆಂಗಳೂರಿನ ಕಸ ಒಂದು ಕಾಲಕ್ಕೆ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಅಲ್ಲಿನ ಜನ ಲಾರಿಗಳಿಗೆ ಅಡ್ಡ ನಿಂತ ಮೇಲೆ 2012ರಲ್ಲಿ ಅದು ನಿಂತಿತು. ಲಾರಿಗಳು ಮಂಡೂರಿನ ಕಡೆ ತಿರುಗಿದವು. ಮಂಡೂರಿನವರೂ ಎದ್ದು ನಿಂತರು, 2014ರ ಕೊನೆಗೆ ಆ ದಾರಿಯೂ ಮುಚ್ಚಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳ ಸರದಿ ಬಂತು. ಮಂಗಳೂರಿನಲ್ಲಿ 2019ರ ಆಗಸ್ಟ್‌ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿದ್ದ ಮಂದಾರದ ಮನೆಗಳನ್ನೂ ತೋಟಗಳನ್ನೂ ಮುಚ್ಚಿತು. ನಮ್ಮ ಗೇಟಿನಿಂದ ಆಚೆ ಹೋದ ಕಸ ಮತ್ಯಾರದೋ ಬಾಗಿಲಿಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಪಾರ್ಟ್‌ಮೆಂಟ್‌ನಲ್ಲೋ ಬಡಾವಣೆಯಲ್ಲೋ ಇರುವವರಿಗೆ ಈ ವಿಷಯದಲ್ಲಿ ಒಂಟಿ ಮನೆಯವರಿಗಿಲ್ಲದ ಅನುಕೂಲವಿದೆ. ಸಂಘವಿದೆ, ಜಾಗವಿದೆ, ಕೆಲಸದವರಿದ್ದಾರೆ, ನಿಯಮ ಮಾಡಿ ಪಾಲಿಸುವ ದಾರಿಯಿದೆ. ಆದರೂ ಹೆಚ್ಚಿನ ಕಡೆ ಸಂಘದ ಗಮನ ಅಡುಗೆಮನೆಯ ಕಸದಲ್ಲೇ ನಿಂತುಬಿಡುತ್ತದೆ. ಮನೆ ರಿಪೇರಿಯಿಂದ ಬರುವ ಇಟ್ಟಿಗೆ, ಟೈಲ್ಸ್, ಗಾರೆ, ಮರದ ತುಂಡುಗಳನ್ನು ಯಾರೂ ಕಸವೆಂದೇ ಎಣಿಸುವುದಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಎಂಟಡಿ ಉದ್ದ, ಐದಡಿ ಅಗಲದ ಬಾತ್‌ರೂಮ್. ಗೋಡೆಗೆ ಏಳಡಿವರೆಗೆ ಟೈಲ್ಸ್. ಗೋಡೆಯ ಟೈಲ್ಸ್ ಮತ್ತು ಅದರ ಹಿಂದಿನ ಗಾರೆ, ನೆಲದ ಟೈಲ್ಸ್ ಮತ್ತು ಕೆಳಗಿನ ಹಾಸು ಇಷ್ಟನ್ನು ಮಾತ್ರ ಕಿತ್ತರೂ ಸುಮಾರು 1,300 ಕಿಲೋ ಆಗುತ್ತದೆ. ಒಂದು ಮನೆಯಿಂದ ದಿನಕ್ಕೆ ಅರ್ಧ ಕಿಲೋ ಹಸಿ ಕಸ ಎಂದು ಹಿಡಿದರೆ, ಇದು ಆ ಮನೆಯ ಏಳು ವರ್ಷದ ಅಡುಗೆ ಕಸದಷ್ಟು ತೂಕ. ಅದು ಒಂದೇ ವಾರದಲ್ಲಿ ಗೋಣಿಚೀಲಗಳಲ್ಲಿ ಇಳಿದು ಬರುತ್ತದೆ.

ಎರಡೂ ಬಗೆಯ ಕಸ ಕೈತಪ್ಪುವುದು ಒಂದೇ ಕಾರಣಕ್ಕೆ: ಅದು ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿರುವುದಿಲ್ಲ. ಗೊತ್ತಿಲ್ಲದ್ದರಿಂದ ಎಲ್ಲವೂ ಒಂದೇ ರಾಶಿಗೆ ಬೀಳುತ್ತದೆ. ಹಾಗೆ ಬೆರೆತ ಮೇಲೆ ಅನ್ನದ ಅಗುಳು ಗೊಬ್ಬರವಾಗುವುದಿಲ್ಲ, ಕಾಗದ ಗುಜರಿಗೆ ಬೇಡ, ಇಟ್ಟಿಗೆ ಚೂರು ಜಲ್ಲಿಯಾಗುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಬೆರಕೆ ತಪ್ಪಿಸುವುದಕ್ಕಾಗಿ.

ಹಂತ 1: ಒಂದು ವಾರ ತೂಕ ಹಾಕಿ

ಯಂತ್ರ ಕೊಳ್ಳುವ, ತೊಟ್ಟಿ ಕಟ್ಟುವ ಮಾತಿಗೆ ಮೊದಲು ಒಂದು ತಕ್ಕಡಿ ತನ್ನಿ. ಏಳು ದಿನ ಹಸಿ, ಒಣ, ಉಳಿದ ಕಸವನ್ನು ಬೇರೆ ಬೇರೆ ತೂಗಿ ಪುಸ್ತಕದಲ್ಲಿ ಬರೆಯಿರಿ. ಭಾನುವಾರದ ತೂಕ ಮಂಗಳವಾರದ ತೂಕದಂತಿರುವುದಿಲ್ಲ, ಹಾಗಾಗಿ ಒಂದೇ ದಿನದ ಲೆಕ್ಕ ನಂಬಬೇಡಿ.

ಈ ಲೆಕ್ಕ ಕಾನೂನಿಗೂ ಬೇಕು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ದಿನಕ್ಕೆ 100 ಕಿಲೋ ಅಥವಾ ಹೆಚ್ಚು ಕಸ ಹುಟ್ಟುವ, ಇಲ್ಲವೇ ದಿನಕ್ಕೆ 40,000 ಲೀಟರ್ ಅಥವಾ ಹೆಚ್ಚು ನೀರು ಬಳಸುವ, ಇಲ್ಲವೇ 20,000 ಚದರ ಮೀಟರ್ ಅಥವಾ ಹೆಚ್ಚು ಕಟ್ಟಡ ವಿಸ್ತೀರ್ಣವಿರುವ ಜಾಗ ‘ಸಗಟು ತ್ಯಾಜ್ಯ ಉತ್ಪಾದಕ’ರ ಪಟ್ಟಿಗೆ ಸೇರುತ್ತದೆ. ನೀರಿನ ಅಳತೆಯನ್ನು ಗಮನಿಸಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ, ನಾಲ್ಕು ಜನರ 75 ಮನೆಗಳಿದ್ದರೆ ಸಾಕು, 40,000 ಲೀಟರ್ ಮುಟ್ಟುತ್ತದೆ. ‘ನಮ್ಮದು ಚಿಕ್ಕ ಅಪಾರ್ಟ್‌ಮೆಂಟು’ ಎಂದುಕೊಂಡಿರುವ ಎಷ್ಟೋ ಸಂಘಗಳು ಈ ಪಟ್ಟಿಯೊಳಗೇ ಇವೆ. ಒಳಗಿದ್ದರೆ ಹಸಿ ಕಸವನ್ನು ಸಾಧ್ಯವಾದಷ್ಟೂ ನಿಮ್ಮ ಆವರಣದಲ್ಲೇ ಸಂಸ್ಕರಿಸುವ ಹೊಣೆ ನಿಮ್ಮದು.

ಹಂತ 2: ಮನೆಯೊಳಗೆ ನಾಲ್ಕು ಪಾಲು

ಹಸಿ, ಒಣ, ನೈರ್ಮಲ್ಯ ಸಂಬಂಧಿ, ವಿಶೇಷ ಎಚ್ಚರಿಕೆಯದು. ಹೊಸ ನಿಯಮ ಹೇಳುವ ಈ ನಾಲ್ಕು ಪಾಲು ಬೆಂಗಳೂರಿಗರಿಗೆ ಪೂರ್ತಿ ಹೊಸದೇನಲ್ಲ. ಬೆಂಗಳೂರಿನಲ್ಲೇ ನೆಲೆಸಿದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟ್‌ಗೆ ಹಾಕಿದ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆ ಮೊದಲ ಘನತ್ಯಾಜ್ಯ ನಿಯಮಗಳು ಬಂದವು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಈ ನಗರಕ್ಕೆ ‘ಎರಡು ಡಬ್ಬ, ಒಂದು ಚೀಲ’ದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಪ್ಯಾಡು, ಡೈಪರು, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಅದಕ್ಕೆ ಈಗ ಇನ್ನೊಂದು ಪುಟ್ಟ ಪೆಟ್ಟಿಗೆ ಸೇರಿಸಿಕೊಂಡರೆ ಆಯಿತು. ಬ್ಯಾಟರಿ, ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ, ಪೇಂಟ್ ಡಬ್ಬ, ಪಾದರಸದ ಥರ್ಮಾಮೀಟರು ಅದರೊಳಗೆ.

ಹಸಿ ಕಸದ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕುವುದನ್ನು ಮೊದಲ ದಿನವೇ ಬಿಡಿ. ತಳಕ್ಕೆ ಹಳೆ ಪತ್ರಿಕೆ ಹಾಸಿದರೆ ಸಾಕು, ಅದೂ ಗೊಬ್ಬರವಾಗುತ್ತದೆ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸಬೇಡಿ. ಉಗುರಿನಷ್ಟಗಲದ ಆ ಚೂರನ್ನು ಯಾರೂ ಆರಿಸಲಾರರು, ಕೊನೆಗೆ ಮಣ್ಣಿಗೋ ಚರಂಡಿಗೋ ಅದು ಸೇರುತ್ತದೆ. ಸೀಳಿ, ತೊಳೆದು, ಒಣಗಿಸಿಟ್ಟ ಪ್ಯಾಕೆಟ್‌ಗೆ ಗುಜರಿಯಲ್ಲಿ ಬೆಲೆಯೂ ಇದೆ. ಪ್ಯಾಡು, ಡೈಪರುಗಳನ್ನು ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಅದನ್ನು ಕೈಯಲ್ಲಿ ಮುಟ್ಟುವ ಪೌರಕಾರ್ಮಿಕರಿಗೆ ನಾವು ಕೊಡಬಹುದಾದ ಕನಿಷ್ಠ ಗೌರವ ಅದು.

ಬಹಳ ಮನೆಗಳಲ್ಲಿ ಕಸ ವಿಂಗಡಿಸುವವರು ಮನೆಯ ಯಜಮಾನರಲ್ಲ, ಮನೆಗೆಲಸಕ್ಕೆ ಬರುವವರು. ಆದರೆ ಸಂಘದ ಸುತ್ತೋಲೆ ಇಂಗ್ಲಿಷ್‌ನಲ್ಲಿ ಮಾಲೀಕರ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ! ಕೆಲಸದವರನ್ನೇ ಒಂದು ಮಧ್ಯಾಹ್ನ ಕರೆದು ಕೂರಿಸಿ, ಟೀ ಕೊಟ್ಟು, ಅವರವರ ಭಾಷೆಯಲ್ಲಿ, ಕನ್ನಡವೋ ತಮಿಳೋ ತೆಲುಗೋ ಬಂಗಾಳಿಯೋ, ನಿಜವಾದ ಕಸವನ್ನೇ ಎದುರಿಗಿಟ್ಟು ತೋರಿಸಿಕೊಡಿ. ಹತ್ತು ಸುತ್ತೋಲೆಗಳಿಂದ ಆಗದ ಕೆಲಸ ಆ ಒಂದು ಸಭೆಯಿಂದ ಆಗುತ್ತದೆ.

ಹಂತ 3: ಹಸಿ ಕಸ ಗೇಟು ದಾಟದಿರಲಿ

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯೇ. ಅದನ್ನು ಒಳಗೇ ಗೊಬ್ಬರ ಮಾಡಿದರೆ ಲಾರಿ ಹೊರುವ ಭಾರ ಅಷ್ಟು ಇಳಿಯಿತು. ವಿದ್ಯುತ್ತಿನಿಂದ ಕಸವನ್ನು ಒಣಗಿಸಿ ಒಂದೇ ದಿನದಲ್ಲಿ ಪುಡಿ ಕೊಡುವ ಯಂತ್ರಗಳನ್ನು ಮಾರುವವರು ಬರುತ್ತಾರೆ. ಹಾಗೆ ಒಣಗಿದ ಪುಡಿ ಗೊಬ್ಬರವಲ್ಲ; ನೀರು ತಾಗಿದರೆ ಅದು ಮತ್ತೆ ಕೊಳೆಯಲು ಶುರುವಾಗುತ್ತದೆ. ಇದರ ಬದಲು ಗಾಳಿಯಾಡುವ ತೊಟ್ಟಿಗಳೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೆಟ್ಟುಹೋಗುವ ಭಾಗಗಳಿಲ್ಲ, ಕರೆಂಟ್ ಬಿಲ್ಲಿಲ್ಲ.

80 ಮನೆಗಳು, ದಿನಕ್ಕೆ 40 ಕಿಲೋ ಹಸಿ ಕಸ ಎಂದುಕೊಳ್ಳಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಜಾಲರಿ ತೊಟ್ಟಿಯೊಂದು ಸುಮಾರು ಒಂದು ವಾರದಲ್ಲಿ ತುಂಬುತ್ತದೆ. ಗೊಬ್ಬರ ಮಾಗಲು 45ರಿಂದ 60 ದಿನ. ಹಾಗಾಗಿ ಎಂಟು ತೊಟ್ಟಿಗಳಿದ್ದರೆ ಕೊನೆಯದು ತುಂಬುವ ಹೊತ್ತಿಗೆ ಮೊದಲನೆಯದನ್ನು ಖಾಲಿ ಮಾಡಬಹುದು. ಇದಕ್ಕೆ ಎರಡು ಕಾರು ನಿಲ್ಲುವಷ್ಟು ಜಾಗ, ಮೇಲೊಂದು ಶೀಟು, ಕೆಳಗೆ ನೀರು ಬಸಿಯಲು ಇಳಿಜಾರು ಬೇಕು.

ಮಾಡುವ ಕ್ರಮ ಹೀಗೆ. ತಳಕ್ಕೆ ಅರ್ಧ ಅಡಿ ಒಣ ಎಲೆ, ಕಡ್ಡಿ. ಅದರ ಮೇಲೆ ದಿನದ ಹಸಿ ಕಸವನ್ನು ಚಿಕ್ಕದಾಗಿ ಕತ್ತರಿಸಿ ಹರಡಿ. ಎಷ್ಟು ಬಕೆಟ್ ಹಸಿಯೋ ಸುಮಾರು ಅಷ್ಟೇ ಬಕೆಟ್ ಒಣ ಎಲೆಯ ಪುಡಿ ಅಥವಾ ತೆಂಗಿನ ನಾರಿನ ಪುಡಿ ಮೇಲೆ ಹಾಕಿ. ಮೊದಲ ವಾರ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಚಿಮುಕಿಸಿದರೆ ಕೊಳೆಯುವಿಕೆ ಬೇಗ ಹಿಡಿಯುತ್ತದೆ. ವಾರಕ್ಕೊಮ್ಮೆ ಮೇಲೆ ಕೆಳಗೆ ಮಾಡಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ನೀರು ಹೆಚ್ಚು, ಏನೂ ಬರದಿದ್ದರೆ ಕಡಿಮೆ. ರಾಶಿಯ ಒಳಗೆ 55 ಡಿಗ್ರಿ ದಾಟಿ ಬಿಸಿಯೇರಿದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಮೂಗಿಗೆ ಅಡರುವ ವಾಸನೆ ಬಂದರೆ ಇನ್ನಷ್ಟು ಒಣ ಎಲೆ ಸುರಿದು ತಿರುವಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ದಪ್ಪ ಬಿಳಿ ಹುಳು ಕಂಡರೆ ಗಾಬರಿ ಬೇಡ, ಅವೂ ಕಸ ತಿನ್ನುವ ಕೆಲಸವನ್ನೇ ಮಾಡುತ್ತವೆ. ತೆಂಗಿನ ಚಿಪ್ಪು, ಎಳನೀರು ಬುರುಡೆ, ಮಾವಿನ ಗೊರಟೆ, ದೊಡ್ಡ ಮೂಳೆಗಳನ್ನು ಮಾತ್ರ ಬೇರೆಯಿಡಿ. ಅವು ಎರಡು ತಿಂಗಳಲ್ಲಿ ಮಾಗುವುದಿಲ್ಲ.

ಒಣ ಎಲೆಯ ಬಗ್ಗೆ ಸಂಘಗಳು ಸಾಮಾನ್ಯವಾಗಿ ತಡವಾಗಿ ಎಚ್ಚರಗೊಳ್ಳುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ, ಮಳೆಮರಗಳು ಎಲೆ ಉದುರಿಸುವಾಗ ರಾಶಿ ಗುಡಿಸಿ ಬೆಂಕಿ ಇಡುತ್ತಾರೆ. ಜುಲೈ ಬಂತೆಂದರೆ ಒಂದು ಬುಟ್ಟಿ ಒಣ ಎಲೆ ಸಿಗದೆ ತೊಟ್ಟಿ ನಾರುತ್ತದೆ. ಬೇಸಗೆಯಲ್ಲೇ ಎಲೆಯನ್ನು ಚೀಲಗಳಲ್ಲಿ ತುಂಬಿ ನೆನೆಯದ ಕಡೆ ಪೇರಿಸಿಡಿ, ಮಳೆಗಾಲಕ್ಕೆ ಅದೇ ಬಂಡವಾಳ. ಸುಡುವುದು ತಪ್ಪು ಕೂಡ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿಯೇ ಹೇಳಿದೆ.

ಸಾಮೂಹಿಕ ತೊಟ್ಟಿಗೆ ಜಾಗವೇ ಇಲ್ಲದ ಕಡೆ ಬಾಲ್ಕನಿಯ ಮಣ್ಣಿನ ಮಡಕೆಗಳು ಸಾಕು. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ‘ಡೈಲಿ ಡಂಪ್’ ಒಂದರ ಮೇಲೊಂದು ಕೂರುವ ಮಡಕೆಗಳನ್ನು ಮನೆಮಾತಾಗಿಸಿತು. ಎಚ್‌ಎಸ್‌ಆರ್ ಬಡಾವಣೆಯ ‘ಸ್ವಚ್ಛ ಗೃಹ ಕಲಿಕಾ ಕೇಂದ್ರ’ದಲ್ಲಿ ಗೊಬ್ಬರದ ಹಲವು ಪದ್ಧತಿಗಳನ್ನು ಕಣ್ಣಾರೆ ನೋಡಬಹುದು. ಸಮಿತಿಯವರು ಹಣ ಖರ್ಚು ಮಾಡುವ ಮೊದಲು ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು. ಮೈಸೂರಿನವರಾದರೆ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನೋಡಲೇಬೇಕು.

ಹಂತ 4: ಒಣ ಕಸಕ್ಕೆ ಒಂದು ಕೋಣೆ, ಒಬ್ಬ ಖರೀದಿದಾರ

ಒಣ ಕಸ ಕೊಳೆಯುವುದಿಲ್ಲ, ಹಾಗಾಗಿ ದಿನಾ ಕಳಿಸುವ ಅವಸರವಿಲ್ಲ. ನೆನೆಯದ ಒಂದು ಕೋಣೆಯಲ್ಲಿ ಕಾಗದ, ರಟ್ಟು, ಗಟ್ಟಿ ಪ್ಲಾಸ್ಟಿಕ್, ತೆಳು ಪ್ಲಾಸ್ಟಿಕ್, ಗಾಜು, ಲೋಹ ಎಂದು ಚೀಲಗಳನ್ನು ತೂಗುಹಾಕಿ ವಾರಕ್ಕೊಮ್ಮೆ ಕಳಿಸಿ. ಬೆಂಗಳೂರಿನ ವಾರ್ಡ್‌ಗಳಲ್ಲಿ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳಿವೆ. ‘ಹಸಿರು ದಳ’ ಸಂಸ್ಥೆಯ ಜೊತೆಗಿರುವ, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಎಷ್ಟೋ ಮಂದಿ ಇಂಥ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ನಿಮ್ಮ ರಟ್ಟು ಒದ್ದೆಯಾಗದೆ ಅವರ ಕೈಸೇರಿದರೆ ಅದು ನೇರವಾಗಿ ಅವರ ದಿನದ ಗಳಿಕೆ. ಚಿಪ್ಸು, ಬಿಸ್ಕತ್ತಿನ ಹೊಳೆಯುವ ಹೊದಿಕೆಗೆ ಮಾತ್ರ ಮರುಬಳಕೆಯ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗುತ್ತದೆ. ಅದನ್ನು ಕಡಿಮೆ ಮಾಡುವ ಜಾಗ ಅಂಗಡಿಯೇ, ಕಸದ ಕೋಣೆಯಲ್ಲ.

ಹಳೆ ಫೋನು, ಚಾರ್ಜರು, ಮಿಕ್ಸಿಗಳನ್ನು ಆರು ತಿಂಗಳಿಗೊಮ್ಮೆ ಒಟ್ಟು ಮಾಡಿ ಪರವಾನಗಿ ಇರುವ ಇ-ತ್ಯಾಜ್ಯ ಸಂಸ್ಕರಣೆಯವರಿಗೇ ಕೊಡಿ. ದೇಶದ ಮೊದಲ ಅಧಿಕೃತ ಘಟಕ ‘ಇ-ಪರಿಸರ’ 2005ರಲ್ಲಿ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲಿ.

ಹಂತ 5: ಒಡೆಯುವ ಮೊದಲು

ಕಟ್ಟಡ ತ್ಯಾಜ್ಯಕ್ಕೆಂದೇ ದೇಶದಲ್ಲಿ ಮೊದಲು ನಿಯಮ ಬಂದದ್ದು 2016ರ ಮಾರ್ಚ್‌ನಲ್ಲಿ. 2025ರಲ್ಲಿ ಅದನ್ನು ಬದಲಿಸಿ ಹೊಸ ನಿಯಮ ಮಾಡಿದರು, ಅದು 2026ರ ಏಪ್ರಿಲ್‌ನಿಂದ ಜಾರಿ. ಮರುಬಳಕೆಯ ಗುರಿ ಮುಟ್ಟಬೇಕಾದ ಹೊಣೆಯನ್ನು ಅದು ಹೊರಿಸಿರುವುದು 20,000 ಚದರ ಮೀಟರ್ ಮತ್ತು ಹೆಚ್ಚಿನ ಯೋಜನೆಗಳ ಮೇಲೆ. ಮೂರನೇ ಮಹಡಿಯ ಬಾತ್‌ರೂಮ್ ರಿಪೇರಿ ಆ ಅಳತೆಗೆ ಸಿಗುವುದಿಲ್ಲ. ರಾತ್ರಿ ಕೆರೆಯಂಗಳಕ್ಕೆ, ರಾಜಕಾಲುವೆಯ ದಂಡೆಗೆ, ಖಾಲಿ ಸೈಟಿಗೆ ಸುರಿಯುವ ಟ್ರ್ಯಾಕ್ಟರ್ ಲೋಡುಗಳು ಇಂಥ ನೂರಾರು ಚಿಕ್ಕ ಕೆಲಸಗಳಿಂದಲೇ ಹುಟ್ಟುವುದು. ಕಾಲುವೆ ಕಿರಿದಾದಷ್ಟೂ ಮಳೆನೀರು ಮನೆಯ ಕಡೆ ತಿರುಗುತ್ತದೆ. ಆದ್ದರಿಂದ ಈ ಜಾಗದಲ್ಲಿ ಸಂಘದ ನಿಯಮವೇ ಕಾನೂನಾಗಬೇಕು.

ರಿಪೇರಿಗೆ ಅನುಮತಿ ಕೇಳಿ ಬಂದ ನಿವಾಸಿಗೆ ಸಂಘ ಒಂದು ಪುಟದ ಅರ್ಜಿ ಕೊಡಲಿ. ಏನು ಕೀಳುತ್ತೀರಿ, ಸುಮಾರು ಎಷ್ಟು ಚೀಲ, ಅದರಲ್ಲಿ ಮಾರುವುದೆಷ್ಟು, ಉಳಿದದ್ದು ಯಾವ ವಾಹನದಲ್ಲಿ ಎಲ್ಲಿಗೆ ಹೋಗುತ್ತದೆ, ಸಾಗಿಸುವವರ ಹೆಸರು, ಫೋನ್ ಸಂಖ್ಯೆ. ಇಷ್ಟು ತುಂಬಿದ ಮೇಲೆಯೇ ಅನುಮತಿ. ಜೊತೆಗೆ ಒಂದು ಠೇವಣಿ. ಸಂಸ್ಕರಣಾ ಘಟಕದ ಅಥವಾ ಪಾಲಿಕೆ ಗೊತ್ತುಮಾಡಿದ ಜಾಗದ ರಸೀದಿ ತಂದುಕೊಟ್ಟ ದಿನ ಠೇವಣಿ ವಾಪಸ್. ನನ್ನ ಮಟ್ಟಿಗೆ ಇಡೀ ಲೇಖನದ ಮುಖ್ಯ ಸಲಹೆ ಈ ರಸೀದಿಯೇ. ‘ಡೆಬ್ರಿಸ್ ತೆಗೆಸುವ ಜವಾಬ್ದಾರಿ ಮೇಸ್ತ್ರಿಯದು’ ಎಂಬ ಮಾತಿನಲ್ಲಿ ಕಸ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಮುಚ್ಚಿಹೋಗುತ್ತದೆ. ಅತಿ ಕಡಿಮೆ ದರ ಹೇಳಿದವನು ಅತಿ ಹತ್ತಿರದ ಕಾಲುವೆಗೆ ಸುರಿಯುತ್ತಾನೆ.

ಅರ್ಜಿ ತುಂಬುವಾಗಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಒಡೆಯಲೇಬೇಕೇ? ನೆಲ ಗಟ್ಟಿಯಾಗಿದ್ದು ಬಣ್ಣ ಮಾಸಿದೆ ಎಂಬುದಷ್ಟೇ ಕಾರಣವಾದರೆ ಪಾಲಿಶ್ ಮಾಡಿಸಬಹುದು. ಹಳೆಯ ಟೈಲ್ಸ್ ಅಲುಗದೆ ಕೂತಿದ್ದರೆ, ತಟ್ಟಿದಾಗ ಪೊಳ್ಳು ಸದ್ದು ಬಾರದಿದ್ದರೆ, ಅದರ ಮೇಲೆಯೇ ಅಂಟಿನಿಂದ ಹೊಸ ಟೈಲ್ಸ್ ಕೂರಿಸುವ ಪದ್ಧತಿ ಇದೆ. ಬಾಗಿಲ ಎತ್ತರ, ನೀರಿನ ಇಳಿಜಾರು ಸರಿಹೋಗುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು ಅಷ್ಟೆ. ಅಡುಗೆಮನೆ ಕಪಾಟಿನ ಒಡಲು ಚೆನ್ನಾಗಿದ್ದರೆ ಬಾಗಿಲು ಮಾತ್ರ ಬದಲಿಸಿ.

ಹಂತ 6: ಒಡೆಯುವಾಗ

ಸುತ್ತಿಗೆ ಬೀಳುವುದು ಕೊನೆಗೆ. ಮೊದಲ ದಿನ ಬಿಚ್ಚುವ ಕೆಲಸ ಮಾತ್ರ: ಬಾಗಿಲು, ಕಿಟಕಿ, ಚೌಕಟ್ಟು, ನಲ್ಲಿ, ಬೇಸಿನ್, ಕಮೋಡು, ಗ್ರಿಲ್ಲು, ಸ್ವಿಚ್ಚು, ವೈರು, ಗ್ರಾನೈಟ್ ಹಲಗೆ. ತೇಗ, ಹೊನ್ನೆ, ಹಲಸಿನ ಹಳೆಯ ಚೌಕಟ್ಟುಗಳನ್ನು ಕೊಳ್ಳುವ ಹಳೆ ಸಾಮಾನಿನ ಅಂಗಡಿಗಳು ನಮ್ಮ ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಮೊಳೆ ಕಿತ್ತು, ಇಡಿಯಾಗಿ ಕೊಟ್ಟರೆ ಬೆಲೆ; ಗರಗಸ ಹಾಕಿದರೆ ಸೌದೆ. ಮಂಗಳೂರು ಹೆಂಚು, ಕಡಪ ಕಲ್ಲುಗಳಿಗೂ ಇದೇ ಮಾತು. ನಿಮಗೆ ಬೇಡದ ಬೇಸಿನ್ನು ಎದುರಿನ ಬೀದಿಯಲ್ಲಿ ಮನೆ ಕಟ್ಟುತ್ತಿರುವವರಿಗೆ ಬೇಕಾಗಿರಬಹುದು, ಕೇಳಿ.

ಆಮೇಲೆ ಒಡೆಯುವ ಕೆಲಸ. ಬಂದದ್ದನ್ನು ಅಲ್ಲೇ, ಅದೇ ಕೋಣೆಯಲ್ಲೇ ಬೇರೆ ಮಾಡಿ ಚೀಲಕ್ಕೆ ತುಂಬಿಸಿ. ಕಾಂಕ್ರೀಟು ಒಂದೆಡೆ, ಇಟ್ಟಿಗೆ, ಗಾರೆ, ಟೈಲ್ಸ್ ಇನ್ನೊಂದೆಡೆ, ಮಣ್ಣು ಬೇರೆ, ಕಬ್ಬಿಣ, ಮರ, ಪ್ಲಾಸ್ಟಿಕ್ ಬೇರೆ. ಕೆಳಗಿಳಿಸಿದ ಮೇಲೆ ವಿಂಗಡಿಸುತ್ತೇವೆ ಎಂದವರು ಯಾರೂ ವಿಂಗಡಿಸುವುದಿಲ್ಲ. ಚೀಲಗಳನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ತುಂಬಿ. ಪೂರ್ತಿ ತುಂಬಿದ ಗಾರೆಯ ಚೀಲ ಒಬ್ಬರು ಹೊರುವ ಭಾರವಲ್ಲ, ಮೆಟ್ಟಿಲಲ್ಲಿ ಹರಿದೂ ಹೋಗುತ್ತದೆ. ಧೂಳು ಏಳದಂತೆ ಒಡೆಯುವ ಜಾಗಕ್ಕೆ ನೀರು ಚಿಮುಕಿಸಿ, ಒಡೆಯುವವರಿಗೆ ಮಾಸ್ಕು ಕೊಡಿ.

ಫಾಲ್ಸ್ ಸೀಲಿಂಗ್‌ನ ಜಿಪ್ಸಂ ಹಲಗೆಗಳನ್ನು ನೆನೆಯದಂತೆ ಬೇರೆಯಾಗಿ ಇಡಬೇಕು. ಹಸಿ ಕಸದ ಜೊತೆ ಹೂತರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬಿಡುತ್ತದೆ, ಜಲ್ಲಿ ಮಾಡುವ ಕಾಂಕ್ರೀಟಿಗೆ ಬೆರೆತರೆ ಅದನ್ನೂ ಕೆಡಿಸುತ್ತದೆ. ಕಾರ್ ಷೆಡ್ಡಿನ, ಹಿತ್ತಲಿನ ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವ ಸಂಭವ ಹೆಚ್ಚು. ಅವನ್ನು ಒಡೆಯಲೂಬಾರದು, ಕೊಯ್ಯಲೂಬಾರದು. ನೀರಿನಿಂದ ನೆನೆಸಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿಯೇ ಕಳಿಸಿ. ಆ ನಾರು ಶ್ವಾಸಕೋಶ ಸೇರಿದರೆ ವರ್ಷಗಳ ನಂತರ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು.

ಹಂತ 7: ಕಟ್ಟುವಾಗ

ಹೊಸದಾಗಿ ತಂದ ಸಾಮಾನೇ ಕಸವಾಗುವುದು ಇಲ್ಲಿ. ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಕೋಣೆಯ ನಕ್ಷೆ ಬರೆದು, ಯಾವ ಅಳತೆಯ ಟೈಲ್ಸ್ ಹಾಕಿದರೆ ಕಡಿತ ಕಡಿಮೆ ಎಂದು ಮೇಸ್ತ್ರಿಯ ಜೊತೆ ಕೂತು ನೋಡಿ. ಕೊಯ್ದ ತುಂಡುಗಳು ಸ್ಕರ್ಟಿಂಗ್‌ಗೆ, ಕಪಾಟಿನ ಒಳನೆಲಕ್ಕೆ ಆಗುತ್ತವೆ. ಒಡೆಯದ ಪೆಟ್ಟಿಗೆಗಳನ್ನು ವಾಪಸ್ ಪಡೆಯುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾಲ್ಕೈದು ಟೈಲ್ಸ್ ಮಾತ್ರ ಮುಂದಿನ ರಿಪೇರಿಗೆಂದು ಎತ್ತಿಡಿ. ಬಿಳಿ ಟೈಲ್ಸ್ ಚೂರುಗಳನ್ನು ತಾರಸಿಗೆ ಹಾಸಿದರೆ ಬಿಸಿಲು ತಿರುಗಿ ಹೋಗಿ ಕೆಳಗಿನ ಮನೆ ತಂಪಾಗುತ್ತದೆ. ಇದು ನಮ್ಮ ಹಳೆ ಗಾರೆಯವರಿಗೆ ಚೆನ್ನಾಗಿ ಗೊತ್ತಿರುವ ಕೆಲಸ.

ಸಿಮೆಂಟನ್ನು ವಾರದ ಕೆಲಸಕ್ಕೆ ಬೇಕಾದಷ್ಟೇ ತರಿಸಿ. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಿ. ಮೂರು ತಿಂಗಳು ದಾಟಿದ ಚೀಲದ ಬಲ ಸಾಕಷ್ಟು ಕುಗ್ಗಿರುತ್ತದೆ. ನೀರು ಬೆರೆಸಿದ ಅರ್ಧ ಗಂಟೆಯ ನಂತರ ಸಿಮೆಂಟು ಯಾವಾಗ ಬೇಕಾದರೂ ಬಿಗಿಯಲು ಶುರುವಾಗಬಹುದು. ಆದ್ದರಿಂದ ಊಟದ ಹೊತ್ತಿಗೆ ಮುಂಚೆ ದೊಡ್ಡ ರಾಶಿ ಕಲಸುವುದು ಬೇಡ. ಗಿಲಾವು ಮಾಡುವಾಗ ಗೋಡೆಯ ಬುಡಕ್ಕೆ ಶೀಟು ಹಾಸಿದರೆ ಬಿದ್ದ ಗಾರೆಯನ್ನು ಅದೇ ಹೊತ್ತಿನಲ್ಲಿ ಎತ್ತಿ ಬಳಸಬಹುದು. ಪೇಂಟನ್ನು ಗೋಡೆಯ ಅಳತೆ ಕೊಟ್ಟು ಲೆಕ್ಕ ಹಾಕಿಸಿ ಕೊಳ್ಳಿ. ಉಳಿದದ್ದು ಪಾರ್ಕಿಂಗ್ ಗೋಡೆಗೋ ಕಾವಲುಗಾರರ ಕೋಣೆಗೋ ಬಂದೇ ಬರುತ್ತದೆ.

ಹಂತ 8: ಒಳಗೆ ಬಳಸಿ, ಉಳಿದದ್ದು ಘಟಕಕ್ಕೆ

ಬಣ್ಣ, ಪ್ಲಾಸ್ಟಿಕ್, ಜಿಪ್ಸಂ ಬೆರೆಯದ ಶುದ್ಧ ಇಟ್ಟಿಗೆ, ಕಾಂಕ್ರೀಟ್ ಚೂರುಗಳಿಗೆ ಆವರಣದಲ್ಲೇ ಕೆಲಸವಿದೆ. ನಡೆದಾಡುವ ದಾರಿಯ ತಳಪಾಯಕ್ಕೆ, ಪಾರ್ಕಿಂಗ್ ಕಲ್ಲುಗಳ ಕೆಳಗಿನ ಹಾಸಿಗೆ, ಗಿಡದ ಪಾತಿಯ ಅಂಚಿಗೆ ಅವು ಸಾಕು. ಇಂಗುಗುಂಡಿಗೆ ಮಾತ್ರ ಸುರಿಯಬೇಡಿ. ಗಾರೆಯ ಪುಡಿ ಮಣ್ಣಿನ ಬಾಯಿ ಮುಚ್ಚಿಬಿಡುತ್ತದೆ.

ಉಳಿದದ್ದು ಕಟ್ಟಡ ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ. ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದ ಬಳಿ ಇಂಥ ಘಟಕವಿದೆ. ದೆಹಲಿಯ ಬುರಾರಿಯಲ್ಲಿ 2009ರಲ್ಲೇ ದೇಶದ ಮೊದಲನೆಯದು ಶುರುವಾಯಿತು. ಇಂಥ ಘಟಕಗಳಲ್ಲಿ ಕಟ್ಟಡ ತ್ಯಾಜ್ಯವನ್ನು ಪುಡಿ ಮಾಡಿ, ಜರಡಿ ಹಿಡಿದು ಜಲ್ಲಿ, ಮರಳು, ನೆಲಗಲ್ಲು ಮಾಡುತ್ತಾರೆ. ಈ ಜಲ್ಲಿ ಗಟ್ಟಿಯಿರುತ್ತದೆಯೇ ಎಂಬ ಅನುಮಾನಕ್ಕೆ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯಲ್ಲಿ ಉತ್ತರವಿದೆ: ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಸಾದಾ ಕಾಂಕ್ರೀಟಿಗೆ ಶೇ 25ರವರೆಗೆ, ಎಂ 25 ದರ್ಜೆಯವರೆಗಿನ ಕಬ್ಬಿಣದ ಕಾಂಕ್ರೀಟಿಗೆ ಶೇ 20ರವರೆಗೆ ಬಳಸಬಹುದು. ಮುಂದಿನ ಸಲ ಕಾಂಪೌಂಡು, ಪಾದಚಾರಿ ದಾರಿ ಮಾಡಿಸುವಾಗ ಸಂಘ ಈ ನೆಲಗಲ್ಲುಗಳನ್ನೇ ಕೊಳ್ಳಲಿ. ಕೊಳ್ಳುವವರಿಲ್ಲದೆ ಯಾವ ಘಟಕವೂ ನಡೆಯದು.

ಒಂದು ಮನೆಯ 40 ಚೀಲಕ್ಕೆ ಟಿಪ್ಪರ್ ಬರುವುದಿಲ್ಲ ಎಂಬುದು ನಿಜವಾದ ತೊಡಕು. ಅದಕ್ಕೆ ಪರಿಹಾರ ಬಡಾವಣೆಯ ಮಟ್ಟದಲ್ಲಿದೆ. ಆವರಣದ ಒಂದು ಮೂಲೆಯಲ್ಲಿ ಮೂರು ಕಡೆ ಗೋಡೆ, ಮೇಲೆ ಹೊದಿಕೆ ಇರುವ ಜಾಗ ಗುರುತಿಸಿ, ಮನೆಮನೆಯ ಚೀಲಗಳನ್ನು ಗುರುತಿನ ಚೀಟಿ ಹಚ್ಚಿ ಅಲ್ಲಿಡಿಸಿ, ಲೋಡ್ ತುಂಬಿದಾಗ ವಾಹನ ಕರೆಸಿ. ಅಕ್ಕಪಕ್ಕದ ಎರಡು ಮೂರು ಸಂಘಗಳು ಸೇರಿದರೆ ಬೇಗ ತುಂಬುತ್ತದೆ, ಖರ್ಚೂ ಹಂಚಿಹೋಗುತ್ತದೆ.

ಹಬ್ಬದ ವಾರಗಳಿಗೆ ಬೇರೆ ತಯಾರಿ

ಆಯುಧಪೂಜೆಯ ಮರುದಿನದ ಬಾಳೆಕಂದು, ಒಡೆದ ಬೂದುಕುಂಬಳ, ಗಣೇಶನ ಹಬ್ಬದ ಹೂವು, ಮಾವಿನ ತೋರಣ ಯಾವ ತೊಟ್ಟಿಗೂ ಒಮ್ಮೆಲೇ ಹಿಡಿಸದು. ಹಬ್ಬಕ್ಕೆ ಮೊದಲೇ ಒಂದು ತೊಟ್ಟಿ ಖಾಲಿ ಮಾಡಿಟ್ಟುಕೊಂಡು, ಕಂದು ಕೊಚ್ಚಲು ಒಂದು ಕತ್ತಿ, ಒಬ್ಬ ಆಳು ಗೊತ್ತುಮಾಡಿ. ಸಮಾರಂಭಗಳಿಗೆ ಸಂಘದ್ದೇ ಸ್ಟೀಲ್ ತಟ್ಟೆ, ಲೋಟಗಳಿರಲಿ. ಬೆಂಗಳೂರಿನ ‘ಅದಮ್ಯ ಚೇತನ’ ತಟ್ಟೆ ಬ್ಯಾಂಕ್ ಮಾಡಿ ಇದು ಸಾಧ್ಯವೆಂದು ತೋರಿಸಿದೆ. ಕರ್ನಾಟಕದಲ್ಲಿ 2016ರಿಂದಲೂ, ದೇಶದಲ್ಲಿ 2022ರ ಜುಲೈ 1ರಿಂದಲೂ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ ಎಂಬುದನ್ನು ಅಡುಗೆ ಗುತ್ತಿಗೆದಾರರಿಗೆ ಮುಂಗಡ ಕೊಡುವಾಗಲೇ ಹೇಳಿ.

ಇಷ್ಟನ್ನೂ ಒಂದೇ ತಿಂಗಳಲ್ಲಿ ಮಾಡಹೊರಡಬೇಡಿ. ಮೊದಲ ತಿಂಗಳು ತೂಕ ಮತ್ತು ವಿಂಗಡಣೆ, ಎರಡನೆಯದರಲ್ಲಿ ಒಣ ಕಸದ ಕೋಣೆ, ಮೂರನೆಯದರಿಂದ ಗೊಬ್ಬರದ ತೊಟ್ಟಿ. ರಿಪೇರಿ ಅರ್ಜಿ, ಠೇವಣಿ ಮತ್ತು ರಸೀದಿಯ ನಿಯಮಕ್ಕೆ ಮಾತ್ರ ಕಾಯಬೇಕಾಗಿಲ್ಲ. ಅದಕ್ಕೆ ಜಾಗವೂ ಬೇಡ, ಬಂಡವಾಳವೂ ಬೇಡ. ನಿಮ್ಮ ಸಂಘದ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಬರೆಸಿ, ಅಂದೇ ಠರಾವು ಮಾಡಿಸಿ.